ಡಾಕ್ಟರ ಕಡೆಗೆ ತಿರುಗಿದ ಪರದೆ

ಪುಣೆಯ ಕರ್ವೆ ಪುತಳಾ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿದೆ. ನಡುವೆ ಅಕ್ಕನ ಮಗಳು, ಮಡಿಲಲ್ಲಿ ಫೈಲು. ಆಚೆ ಬದಿಗೆ ಅವಳ ಅತ್ತೆ, ನಿನ್ನೆ ರಾತ್ರಿಯ ಬಸ್ಸಿಗೆ ಅಥಣಿಯಿಂದ ಬಂದಿಳಿದ ನಮ್ಮ ಬೀಗ್ತಿ. ಹುಡುಗಿಯ ಹೊಟ್ಟೆಗೆ ಈಗ ಹತ್ತೊಂಬತ್ತನೇ ವಾರ. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದ ಧೋಂಡೊ ಕೇಶವ ಕರ್ವೆಯವರು ಕಲ್ಲುಕಟ್ಟೆಯ ಮೇಲಿಂದ ಕೋಥರೂಡದ ಟ್ರಾಫಿಕ್ಕು ನೋಡುತ್ತಿದ್ದಾರೆ. ಬೀಗ್ತಿ ಯಾವುದೋ ದೇವರಿರಬೇಕೆಂದು ಕೈ ಮುಗಿಯುತ್ತಾರೆ. ನಾನು ತಿದ್ದುವುದಿಲ್ಲ.

ಕೆಳಗೆ ಫರಾಳದ ಅಂಗಡಿ, ಮೇಲೆ ಸೋನೋಗ್ರಫಿ ಸೆಂಟರ್. ಮೆಟ್ಟಿಲ ತುಂಬ ಚಕ್ಕುಲಿ ಕರಿಯುವ ವಾಸನೆ. ಬಾಗಿಲಲ್ಲೇ ಮರಾಠಿ ಫಲಕ: ಇಲ್ಲಿ ಗರ್ಭಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ. ಪಕ್ಕದಲ್ಲಿ ಬಣ್ಣ ಮಾಸಿದ ಪೋಸ್ಟರು. ನೀಲಿ ಕತ್ತಲಲ್ಲಿ ತೇಲುತ್ತಿರುವ ಕೂಸು ತನ್ನನ್ನು ಉಳಿಸೆಂದು ತಾಯಿಯನ್ನು ಬೇಡಿಕೊಳ್ಳುತ್ತಿದೆ. ಬೇಡುವುದು ತಾಯಿಯನ್ನೇ ಆದರೂ ಚಿತ್ರದಲ್ಲಿ ತಾಯಿಯಿಲ್ಲ. ಮುಖ ಹೋಗಲಿ, ಹೊಟ್ಟೆಯ ಗೆರೆಯೂ ಇಲ್ಲ. ಅಮೆರಿಕದ ರೊಸಾಲಿಂಡ್ ಪೆಚೆಸ್ಕಿ 1987ರಲ್ಲೇ ಇದನ್ನು ಎತ್ತಿ ಆಡಿದ್ದರು: ಸ್ಕ್ಯಾನಿನ ಚಿತ್ರದಲ್ಲಿ ಭ್ರೂಣ ಬಾಹ್ಯಾಕಾಶ ಯಾತ್ರಿಯಂತೆ ಒಂಟಿಯಾಗಿ ತೇಲುತ್ತದೆ, ಹೊತ್ತವಳು ಮಾಯವಾಗಿರುತ್ತಾಳೆ. ಗರ್ಭಪಾತದ ವಿರೋಧಿಗಳಿಗೆ ಆ ಚಿತ್ರ ಬಲು ಅನುಕೂಲವಾಯಿತು. ಹೆಣ್ಣುಕೂಸನ್ನು ಉಳಿಸುವ ನಮ್ಮ ಸರ್ಕಾರಿ ಪೋಸ್ಟರೂ ಅದನ್ನೇ ಎತ್ತಿಕೊಂಡು ಬಂದಿದೆ.

"ಮುಲಗೇ ಕಿತಿ, ಮುಲೀ ಕಿತಿ?" ಕೌಂಟರಿನ ಹುಡುಗಿ ಲಿಂಗಪತ್ತೆ ತಡೆ ಕಾನೂನಿನ ಫಾರ್ಮ್ ಎಫ್ ತುಂಬುತ್ತಿದ್ದಾಳೆ. ಹೆಸರು, ವಯಸ್ಸು, ಗಂಡನ ಹೆಸರು, ಪೂರ್ತಿ ವಿಳಾಸ, ಕಳಿಸಿದ ಡಾಕ್ಟರು ಯಾರು, ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಅವರ ವಯಸ್ಸೆಷ್ಟು.

"ಏಕ್ ಮುಲಗೀ. ಚಾರ್ ವರ್ಷಾಂಚೀ." ಒಬ್ಬಳೇ ಮಗಳು, ನಾಲ್ಕು ವರ್ಷದವಳು.

ಸೋಫಾದಲ್ಲಿ ಕುಳಿತವರೆಲ್ಲ ಒಮ್ಮೆ ತಲೆಯೆತ್ತುತ್ತಾರೆ. ಹೆಣ್ಣುಮಕ್ಕಳ ಲೆಕ್ಕ ಇಲ್ಲಿ ಯಾಕೆ ಬೇಕೆಂಬುದು ಇಲ್ಲಿರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯಲ್ಲಿ ಘೋಷಣೆ: ಕೂಸು ಗಂಡೋ ಹೆಣ್ಣೋ ತಿಳಿಯಲು ನನಗೆ ಇಷ್ಟವಿಲ್ಲ. ಅಕ್ಕನ ಮಗಳು ಸಹಿ ಹಾಕುತ್ತಾಳೆ. ಇಷ್ಟ ಇರಬಹುದಾದವರು ಪಕ್ಕದಲ್ಲೇ ಕುಳಿತು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಅವರ ಸಹಿ ಯಾರೂ ಕೇಳುವುದಿಲ್ಲ.

ಈ ಕಾಗದವನ್ನು ನಾನು ಹಗುರ ಮಾಡುತ್ತಿಲ್ಲ. ಇದರ ಹಿಂದೆ ಹೆಂಗಸರ ಜಗಳವಿದೆ. ಎಂಬತ್ತರ ದಶಕದ ಮುಂಬಯಿಯಲ್ಲಿ ಲಿಂಗಪತ್ತೆಯ ವಿರುದ್ಧ ವೇದಿಕೆ ಕಟ್ಟಿ ಬೀದಿಗಿಳಿದ ಫಲವಾಗಿ ದೇಶದಲ್ಲೇ ಮೊದಲು ಮಹಾರಾಷ್ಟ್ರ 1988ರಲ್ಲಿ ಕಾನೂನು ತಂದಿತು. 1994ರಲ್ಲಿ ಕೇಂದ್ರದ ಕಾನೂನು ಬಂತು, ಬಂದು ಕಪಾಟಿನಲ್ಲಿ ಮಲಗಿತು. 2000ದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಮೂವರು: ಆರೋಗ್ಯ ಸಂಶೋಧನೆಯ ಸೆಹತ್, ಪುರಂದರ ತಾಲೂಕಿನ ಹಳ್ಳಿಗಳಲ್ಲಿ ಹೆಂಗಸರ ನಡುವೆ ಕೆಲಸ ಮಾಡುವ ಮಾಸೂಮ್, ಮತ್ತು ಕಾರ್ಯಕರ್ತ ಸಾಬು ಜಾರ್ಜ್. ಸೆಹತ್‌ನಿಂದಲೇ ಕವಲೊಡೆದ ಸಾಥಿ ಸಂಸ್ಥೆಯ ಕಚೇರಿ ಇದೇ ಕೋಥರೂಡದ ದಹಾಣೂಕರ ಕಾಲನಿಯಲ್ಲಿದೆ. 2003ರಲ್ಲಿ ಕಾನೂನು ಬಿಗಿಯಾಯಿತು. ಅದರಲ್ಲಿ ನನಗೆ ಹಿಡಿಸುವುದು ಒಂದೇ ಕಲಮು: ಲಿಂಗಪತ್ತೆಯಾಗಿದ್ದರೆ ಬಸುರಿಯನ್ನು ಗಂಡನೋ ಮನೆಯವರೋ ಒತ್ತಾಯಿಸಿದ್ದಾರೆಂದೇ ನ್ಯಾಯಾಲಯ ಮೊದಲು ನಂಬಬೇಕು.

"ಕಾಗವಾಡ ದಾಟಿದ್ರ ಮ್ಹೈಸಾಳ," ಬೀಗ್ತಿ ಇದ್ದಕ್ಕಿದ್ದಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ನಮ್ಮ ಕಡಿ ಹೆಣ್ಮಕ್ಕಳೂ ಅಲ್ಲಿಗೆ ಹೋಗತಿದ್ರಂತ ಆಗ ಗೊತ್ತಾತು."

ಮ್ಹೈಸಾಳ, 2017ರ ಮಾರ್ಚ್. ಗರ್ಭಪಾತದ ವೇಳೆ ಒಬ್ಬ ಯುವತಿ ಸತ್ತಳು. ತನಿಖೆಗೆ ಹೋದ ಪೊಲೀಸರು ನೆಲ ಅಗೆದರೆ 19 ಭ್ರೂಣಗಳು ಸಿಕ್ಕವು. ಕರ್ನಾಟಕದ ಗಡಿಗೆ ಅಂಟಿಕೊಂಡ ಊರು ಅದು. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಹೊರಗೆಳೆದ ಲಿಂಗಪತ್ತೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ. ಆಲೆಮನೆಯವರು ಫಾರ್ಮ್ ಎಫ್ ತುಂಬಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಸಾವಿರ ಗಂಡುಮಕ್ಕಳಿಗೆ ಆರು ವರ್ಷದೊಳಗಿನ ಹೆಣ್ಣುಮಕ್ಕಳು 2001ರಲ್ಲಿ 913 ಇದ್ದದ್ದು 2011ರಲ್ಲಿ 894ಕ್ಕೆ ಇಳಿದಿತ್ತು.

ಹೆಸರು ಕರೆಯುತ್ತಾರೆ. ಜೊತೆಗೆ ಒಬ್ಬರೇ. "ಚಿಗವ್ವ, ನೀ ಬಾ," ಎನ್ನುತ್ತಾಳೆ ಹುಡುಗಿ. ಬೀಗ್ತಿ ಅರ್ಧ ಎದ್ದವರು ಕುಳಿತುಬಿಡುತ್ತಾರೆ.

ಒಳಗೆ ಎಸಿಯ ಚಳಿ, ಮಂಕು ಬೆಳಕು. ಹೊಟ್ಟೆಯ ಮೇಲೆ ಜೆಲ್ ಬಿದ್ದೊಡನೆ ಅವಳ ಕಾಲ್ಬೆರಳು ಮುದುರಿಕೊಳ್ಳುತ್ತವೆ. ಪರದೆ ಡಾಕ್ಟರ ಕಡೆಗೆ ತಿರುಗಿದೆ. ಡಾಕ್ಟರಬಾಯಿ ಒಂದು ಕೈಯಲ್ಲಿ ಪ್ರೋಬ್ ಒತ್ತುತ್ತ, ಇನ್ನೊಂದರಲ್ಲಿ ಗುಂಡಿ ತಿರುಗಿಸುತ್ತ ಸಹಾಯಕಿಗೆ ಅಂಕಿ ಹೇಳುತ್ತಿದ್ದಾರೆ: ತಲೆಯ ಅಗಲ, ತೊಡೆಯೆಲುಬಿನ ಉದ್ದ. ಬೆನ್ನುಹುರಿ, ಮೂತ್ರಪಿಂಡ, ತುಟಿ, ಹೃದಯದ ನಾಲ್ಕು ಕೋಣೆ. ಹುಡುಗಿ ಮೇಲಿನ ಫಾಲ್ಸ್ ಸೀಲಿಂಗ್ ನೋಡುತ್ತಿದ್ದಾಳೆ. ತನ್ನ ಹೊಟ್ಟೆಯ ಸುದ್ದಿಗೆ ಅವಳಿಗಿರುವ ಆಧಾರ ಡಾಕ್ಟರ ಮುಖವೊಂದೇ.

ಹೃದಯದ ಬಳಿ ಕೈ ನಿಲ್ಲುತ್ತದೆ. ಮತ್ತೆ ಅಲ್ಲಿಗೇ ಬರುತ್ತದೆ.

"ಮಿಸ್ಟರ್ ಆಲೇತ್ ಕಾ?"

ಗಂಡ ಬಂದಿದ್ದಾನಾ ಎಂಬ ಈ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇಲ್ಲ, ರೂಢಿಯ ಮಾತು. ನನಗೆ ಮಾತ್ರ ಹೊರಗಿನ ಪೋಸ್ಟರು ಒಳಗೆ ನಡೆದು ಬಂದಂತಾಗುತ್ತದೆ.

"ನಾಹೀ. ಮಲಾ ಸಾಂಗಾ ನಾ." ನನಗೇ ಹೇಳಿ ಅಂತಾಳೆ ಹುಡುಗಿ, ಮೊಣಕೈ ಊರಿ ಏಳಲು ಹವಣಿಸುತ್ತ.

ಡಾಕ್ಟರು ಹೇಳುತ್ತಾರೆ. ಹೃದಯದಲ್ಲೊಂದು ಬಿಳಿ ಚುಕ್ಕೆ. ಹೆಚ್ಚಿನಂಶ ಏನೂ ಅಲ್ಲ, ಡಬಲ್ ಮಾರ್ಕರ್ ಚೆನ್ನಾಗಿಯೇ ಬಂದಿದೆ. ಬೇಕೆನಿಸಿದರೆ ರಕ್ತದ ಇನ್ನೊಂದು ಪರೀಕ್ಷೆ ಇದೆ, ಹೃದಯಕ್ಕೆಂದೇ ಬೇರೆ ಸ್ಕ್ಯಾನ್ ಇದೆ.

ಈ ಕೋಣೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಜೈಲು, ಇನ್ನೊಂದನ್ನು ಕೇಳದಿದ್ದರೂ ಉತ್ತರ ತಾನಾಗಿ ಬರುತ್ತದೆ. ಗಂಡೋ ಹೆಣ್ಣೋ ಅನ್ನಬಾರದು. ಸರಿಯಿದೆಯೋ ಇಲ್ಲವೋ ಅನ್ನುವುದಕ್ಕೇ ಈ ಯಂತ್ರ. ಅಂಗವಿಕಲ ಹೆಣ್ಣುಮಕ್ಕಳ ಪರ ಬರೆಯುತ್ತ ಬಂದ ದೆಹಲಿಯ ಅನಿತಾ ಘಾಯ್ ಅಂಥವರು ಸ್ತ್ರೀವಾದಿ ಗೆಳತಿಯರನ್ನು ಇಲ್ಲೇ ಹಿಡಿದು ನಿಲ್ಲಿಸಿದ್ದು: ಹೆಣ್ಣೆಂದು ತೆಗೆಸುವುದು ತಪ್ಪು, ಕುಂಟೆಂದು ತೆಗೆಸುವುದು ಸರಿಯೇ? ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ನಂತರ ಅತ್ಯಾಚಾರಕ್ಕೆ ಒಳಗಾದವಳಿಗೂ ಗಡಿ 24 ವಾರ. ಕೂಸಿನಲ್ಲಿ ಗಂಭೀರ ನ್ಯೂನತೆ ಇದೆಯೆಂದು ವೈದ್ಯರ ಮಂಡಳಿ ಹೇಳಿದರೆ ಗಡಿಯೇ ಇಲ್ಲ. ಹೊತ್ತವಳ ಸಂಕಟಕ್ಕೆ ವಾರ ಎಣಿಸುವ ಕಾನೂನು ಕೂಸಿನ ಕೊರತೆಗೆ ಎಣಿಸುವುದಿಲ್ಲ.

ಹಾಗೆಂದು ಆ ಬಾಗಿಲು ಮುಚ್ಚಿ ಎನ್ನಲು ನನಗೆ ಬಾಯಿ ಬರುವುದಿಲ್ಲ. 2008ರಲ್ಲಿ ಕೂಸಿನ ನ್ಯೂನತೆಯ ಕಾರಣಕ್ಕೆ ಗರ್ಭಪಾತ ಕೇಳಿದ ನಿಕೇತಾ ಮೆಹ್ತಾಗೆ ಬಾಂಬೆ ಹೈಕೋರ್ಟು ಅನುಮತಿ ಕೊಡದಿದ್ದಾಗ ಹೊರುವ ದಿನಗಳು ಅವಳವಾಗಿದ್ದವು, ನ್ಯಾಯಮೂರ್ತಿಗಳವಲ್ಲ. ಸಾಕುವ ವರುಷಗಳೂ ನಮ್ಮಲ್ಲಿ ತಾಯಿಯ ಲೆಕ್ಕಕ್ಕೇ ಬೀಳುವಂಥವು. ವಿಶೇಷ ಶಾಲೆ, ಥೆರಪಿ, ಕೆಲಸ ಬಿಟ್ಟ ಸಂಬಳ ಯಾವುದನ್ನೂ ಹಂಚಿಕೊಳ್ಳದವರು ಅವಳ ತೀರ್ಮಾನ ಮಾತ್ರ ಹಂಚಿಕೊಳ್ಳಲು ಬರುವುದು ನನ್ನ ಮಟ್ಟಿಗೆ ಅಧಿಕಪ್ರಸಂಗ.

ಹುಡುಗಿ ಕೇಳುತ್ತಲೇ ಇದ್ದಾಳೆ. ಪರೀಕ್ಷೆಯಲ್ಲಿ ಏನಾದರೂ ಸಿಕ್ಕರೆ ಅದಕ್ಕೆ ಮದ್ದಿದೆಯೇ? ಮಾಡಿಸದಿದ್ದರೆ ಏನಾಗುತ್ತದೆ? ಫಲಿತಾಂಶಕ್ಕೆ ಎಷ್ಟು ದಿನ? ಡಾಕ್ಟರು ಒಂದೊಂದಕ್ಕೂ ನಿಧಾನವಾಗಿ ಉತ್ತರಿಸುತ್ತಾರೆ. ಹೊರಗೆ ಸಾಲು ಬೆಳೆಯುತ್ತಿದೆ. ಸಹಾಯಕಿ ಟಿಶ್ಯೂ ಹಿಡಿದು ನಿಂತು ನಿಂತು ಕಾಲು ಬದಲಿಸುತ್ತಾಳೆ.

"ವಿಚಾರ್ ಕರೂನ್ ಸಾಂಗತೇ," ಯೋಚಿಸಿ ಹೇಳುತ್ತೇನೆ ಎಂದು ಚೂಡಿದಾರ ಸರಿಪಡಿಸಿಕೊಂಡು ಹುಡುಗಿ ಹೊರಗೆ ಬರುತ್ತಾಳೆ.

"ಏನಂತ?" ಬೀಗ್ತಿ ಎದ್ದೇ ನಿಂತಿದ್ದಾರೆ.

"ಹೃದಯದಾಗ ಒಂದು ಬಿಳಿ ಚುಕ್ಕಿ ಐತಂತ್ರಿ ಅತ್ತಿ. ಬಹಳ ಮಾಡಿ ಏನೂ ಇಲ್ಲಂತ. ಇನ್ನೊಂದು ಟೆಸ್ಟ್ ಬೇಕೋ ಬ್ಯಾಡೋ ಅಂತ ಕೇಳಿದ್ರು."

"ಅವ ಏನಂದ?"

"ಅವರಿಗೆ ಇನ್ನೂ ಹೇಳಿಲ್ರಿ. ಶನಿವಾರ ನಾನ ಹೇಳತೀನಂತ ಬಂದೀನಿ."

ಬೀಗ್ತಿ ಅವಳ ಮುಖ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ಆಮೇಲೆ ಕೌಂಟರಿಗೆ ಹೋಗಿ, ಬರದ ಮರಾಠಿಯಲ್ಲಿ, ಬಿಲ್ಲು ಎಷ್ಟಾಯಿತೆಂದು ಕೇಳುತ್ತಾರೆ.