ಆರು ಪರಮಾಣುಗಳಿಗಾಗಿ

ಜೋಯಿಡಾದ ಅಡವಿಯಲ್ಲಿ ಹುಟ್ಟಿ, ದಾಂಡೇಲಿಯ ಮಗ್ಗುಲಲ್ಲಿ ಹರಿದು, ಕಾರವಾರದ ಬಳಿ ಕಡಲನ್ನು ಸೇರುವ ಕಾಳೀನದಿಯ ಸೀಮೆಯಲ್ಲಿ ಪ್ರಕೃತಿಗೆ ಆತುರವೆಂಬುದಿಲ್ಲ. ದಾಂಡೇಲಿಯ ಸಮೀಪದ ಕವಳಾ ಗುಹೆಯೊಳಗೆ ಸುಣ್ಣದ ನೀರು ಯುಗಯುಗಗಳಿಂದ ಹನಿಹನಿಯಾಗಿ ತೊಟ್ಟಿಕ್ಕಿ ಕಲ್ಲಿನ ಲಿಂಗವಾಗಿ ಮೂಡಿದೆ. ಆ ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿನಿಂದಲೇ ವಿಜ್ಞಾನಿಗಳು ನಿಸರ್ಗದಲ್ಲಿ ಎಲ್ಲಿಯೂ ಕಾಣದ ಮೂಲವಸ್ತುಗಳನ್ನು ಕಟ್ಟಿದ್ದಾರೆಂದರೆ, ಶಿವರಾತ್ರಿಯಂದು ಅಲ್ಲಿ ಕೈಮುಗಿದು ನಿಂತ ಭಕ್ತನಿಗೆ ನಂಬುಗೆ ಬರಲಾರದು.

ಅದೇ ಕಾಳಿಯ ಕೆಳಹರಿವಿನಲ್ಲಿ ಕೈಗಾ ಇದೆ. ಅಲ್ಲಿ ನಡೆಯುವುದು ಒಡೆಯುವ ಕೆಲಸ. 92 ಪ್ರೋಟಾನುಗಳುಳ್ಳ ಯುರೇನಿಯಂ ಪರಮಾಣುವಿನ ಬೀಜ ಸೀಳಿದಾಗ ಹೊಮ್ಮುವ ಶಾಖವೇ ವಿದ್ಯುತ್ತಾಗುತ್ತದೆ. ಅಲ್ಲಿಯ ಮೊದಲನೆಯ ಘಟಕವು 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆಯನ್ನು ಸ್ಥಾಪಿಸಿತು. ಕೂಡಿಸುವ ಕೆಲಸ ಇಷ್ಟು ಉದಾರವಾದುದಲ್ಲ. ಒಂದೇ ಜಾತಿಯ ವಿದ್ಯುದಂಶವುಳ್ಳ ಎರಡು ಬೀಜಗಳು ಮುನಿಸಿಕೊಂಡ ಬೀಗರಂತೆ ಒಂದನ್ನೊಂದು ದೂರ ತಳ್ಳುತ್ತವೆ. ಬೆಳಕಿನ ವೇಗದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ರಭಸದಿಂದ ತಾಗಿಸಿದರೆ ಒಮ್ಮೊಮ್ಮೆ ಕೂಡಿಯಾವು. ರಭಸ ಸಾಲದಿದ್ದರೆ ಹಿಮ್ಮೆಟ್ಟುತ್ತವೆ. ಮಿತಿಮೀರಿದರೆ ಕೂಡಿದ ಬೀಜವೇ ಕಾದು ಸೀಳಿಹೋಗುತ್ತದೆ.

ಈ ಕಾರ್ಯಕ್ಕೆಂದು ಅವರು ಆರಿಸಿಕೊಂಡದ್ದು 20 ಪ್ರೋಟಾನು, 28 ನ್ಯೂಟ್ರಾನುಗಳಿಂದ ಕೂಡಿದ, ಅತಿ ಬಿಗಿಯಾದ ಕಟ್ಟಿನ ಕ್ಯಾಲ್ಸಿಯಂ-48. ನಿಸರ್ಗದ ಕ್ಯಾಲ್ಸಿಯಮ್ಮಿನ ಸಾವಿರ ಪರಮಾಣುಗಳಲ್ಲಿ ಈ ಬಗೆಯವು ಎರಡಕ್ಕೂ ಕಡಿಮೆ. 117ನೆಯ ಮೂಲವಸ್ತುವಿಗಾಗಿ ಇದರೊಡನೆ 97 ಪ್ರೋಟಾನುಗಳ ಬರ್ಕೀಲಿಯಂ ಬೇಕಾಯಿತು. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ರಿಯಾಕ್ಟರಿನಲ್ಲಿ 250 ದಿನಗಳ ಕಾಲ ನ್ಯೂಟ್ರಾನುಗಳಿಗೆ ಒಡ್ಡಿ, ಮತ್ತೆ ತಿಂಗಳುಗಟ್ಟಲೆ ಶೋಧಿಸಿ ಪಡೆದದ್ದು ಕೇವಲ 22 ಮಿಲಿಗ್ರಾಂ. ಸುಮಾರು 330 ದಿನಗಳಲ್ಲಿ ಅದರ ಅರ್ಧಭಾಗ ತಾನಾಗಿಯೇ ಕ್ಷಯಿಸುವುದರಿಂದ ಕಳೆದ ಒಂದೊಂದು ದಿನವೂ ನಷ್ಟವೇ. 2009ರಲ್ಲಿ ರಷ್ಯದ ದುಬ್ನಾ ಪಟ್ಟಣದಲ್ಲಿ ಅದಕ್ಕೆ 150 ದಿನ ಕ್ಯಾಲ್ಸಿಯಂ ಧಾರೆಯ ಅಭಿಷೇಕ ನಡೆಯಿತು. ಫಲವಾಗಿ ದೊರೆತದ್ದು ಆರೇ ಆರು ಪರಮಾಣು!

ಅವೂ ರೆಪ್ಪೆ ಬಡಿಯುವಷ್ಟರಲ್ಲಿ ಅಳಿದವು. ಅಳಿಯುವಾಗ ಹೀಲಿಯಂ ಬೀಜಗಳನ್ನು ಒಂದೊಂದಾಗಿ ಹೊರಚೆಲ್ಲುತ್ತ 115, 113 ಎಂದು ಕೆಳಗಿಳಿದವು. ಆ ಸಂತತಿಯ ಜಾಡನ್ನು ಹಿಡಿದೇ ಮೂಲಪುರುಷನ ಹುಟ್ಟನ್ನು ನಿರ್ಣಯಿಸಲಾಯಿತು. 2016ರಲ್ಲಿ ಅದಕ್ಕೆ ಟೆನೆಸೀನ್ ಎಂದು ನಾಮಕರಣವಾಯಿತು.

ಇಷ್ಟೆಲ್ಲ ಶ್ರಮದಿಂದ ಒಂದು ದೀಪವಾದರೂ ಹೊತ್ತಿತೆ ಎಂದು ಮನೆವಾರ್ತೆಯ ಲೆಕ್ಕ ಬಲ್ಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಷ್ಟು ಪ್ರೋಟಾನುಗಳು ಒಂದೇ ಬೀಜದಲ್ಲಿ ಒಟ್ಟಾಗಿ ಬಾಳಬಲ್ಲವು ಎಂಬುದನ್ನು ಅರಿಯದೆ ವಸ್ತುಪ್ರಪಂಚದ ಎಲ್ಲೆಯನ್ನು ಅರಿತಂತಾಗದು. ಈ ಅತಿಭಾರದ ಕ್ಷಣಿಕ ಜೀವಿಗಳ ಕಡಲಿನಾಚೆ, ನ್ಯೂಟ್ರಾನುಗಳು ಹೆಚ್ಚಿದೆಡೆಯಲ್ಲಿ, ದೀರ್ಘಾಯುಗಳ ದ್ವೀಪವೊಂದುಂಟೆಂದು ಸಿದ್ಧಾಂತ ಹೇಳುತ್ತದೆ. ದುಬ್ನಾದ ಆರರಲ್ಲಿ ಐದು ಒಂದು ಬಗೆಯವು. ಆರನೆಯದರಲ್ಲಿ ಒಂದು ನ್ಯೂಟ್ರಾನು ಹೆಚ್ಚಿಗೆ ಇತ್ತು. ಆ ಬಗೆಯ ಆಯುಸ್ಸು ಉಳಿದವುಗಳಿಗಿಂತ ತುಸು ದೀರ್ಘ. ಇನ್ನೂ ಕಾಣದ ಆ ದ್ವೀಪದ ದಿಕ್ಕನ್ನು ತೋರಿಸಲು ಅಷ್ಟು ಸಾಕಾಯಿತು.