ತೋಟದ ಮನೆಗೆ ಹೆಣ್ಣು

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಡಿಕೆ ತೋಟದ ಮನೆಗಳಲ್ಲಿ ವಯಸ್ಸು ಮೀರುತ್ತಿದ್ದರೂ ಮದುವೆಯಾಗದ ಹುಡುಗರಿದ್ದಾರೆ. ಹಳದಿ ಎಲೆ ರೋಗಕ್ಕೆ ತೋಟ ಸೊರಗಿತು. ಓದಿದ ಹುಡುಗಿಯರು ಬೆಂಗಳೂರಿಗೆ ಹೋದರು. ಅವರನ್ನು ದೂರುವುದು ಸಲ್ಲ.

ಹಿರಿಯರು ನೋಡಿ ಮಾಡುವ ಮದುವೆಯಲ್ಲಿ ಒಳ್ಳೆಯದಿದೆ: ಎರಡೂ ಕಡೆಯವರು ವಿಚಾರಿಸಿರುತ್ತಾರೆ, ಕಷ್ಟ ಬಂದರೆ ಜೊತೆಗೆ ನಿಲ್ಲುತ್ತಾರೆ. ಆದರೆ ಜಾತಕ, ಒಳಪಂಗಡ, ಎಕರೆ ಲೆಕ್ಕದ ನಡುವೆ ಹುಡುಗಿಯ ಮನಸ್ಸು ಏನೆಂದು ಕೇಳುವವರು ಕಡಿಮೆ. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದರೂ ಮದುವೆ ಖರ್ಚಿನ ಭಾರ ಹೆಚ್ಚಾಗಿ ಹೆಣ್ಣಿನ ಮನೆಯ ಮೇಲೇ.

ಹೆಣ್ಣು ಸಿಗುತ್ತಿಲ್ಲ ಎನ್ನುವವರು ಮೊದಲು ಕೇಳಿಕೊಳ್ಳಬೇಕು: ಬರುವವಳು ತನ್ನ ಕೆಲಸ ಮುಂದುವರಿಸಬಹುದೇ? ತೋಟದ ಆದಾಯದಲ್ಲಿ ಅವಳ ಕೈಗೂ ದುಡ್ಡು ಬರುತ್ತದೆಯೇ? ಸಂಬಂಧ ಹಿರಿಯರು ಹುಡುಕಲಿ. ಒಪ್ಪುವುದು, ಬಿಡುವುದು ಮಕ್ಕಳದ್ದೇ ಆಗಲಿ.