ಹೊಸ ಉಡುಪಿನ ದುಆ

ಹೊಸ ಬಟ್ಟೆ ತೊಡುವಾಗ ಹೇಳಬೇಕಾದ ದುಆವನ್ನು ರಮಝಾನಿನ ಕೊನೆಯ ವಾರದಲ್ಲಿ ಮಕ್ಕಳಿಗೆ ಕಲಿಸುವುದು ನಮ್ಮ ಮದ್ರಸದ ವಾಡಿಕೆ. ಹಬ್ಬದ ಬೆಳಗ್ಗೆ ಈದ್ಗಾಹ್‌ಗೆ ಹೊರಡುವ ಮುನ್ನ ಪ್ರತಿಯೊಂದು ಮಗುವೂ ಅದನ್ನು ಹೇಳಿಕೊಂಡೇ ಅಂಗಿಯ ತೋಳಿಗೆ ಕೈ ತೂರಿಸಲಿ ಎಂಬುದು ನಮ್ಮ ಆಸೆ. ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿ ವರದಿಯಾಗಿರುವ ಆ ದುಆದ ತಾತ್ಪರ್ಯ ಸರಳವಾದುದು. ನಮ್ಮ ಕಡೆಯಿಂದ ಯಾವ ಬಲವೂ ಸಾಮರ್ಥ್ಯವೂ ಇಲ್ಲದಿದ್ದರೂ ಈ ಉಡುಪನ್ನು ನಮಗೆ ತೊಡಿಸಿದ ಅಲ್ಲಾಹನನ್ನು ನಾವು ಅದರಲ್ಲಿ ಸ್ತುತಿಸುತ್ತೇವೆ.

ಕಳೆದ ರಮಝಾನಿನಲ್ಲಿ ಈ ಅರ್ಥವನ್ನು ಬಿಡಿಸಿ ಹೇಳುತ್ತಿದ್ದಾಗ ಒಂಬತ್ತು ವರ್ಷದ ಒಬ್ಬ ಹುಡುಗಿ ಕೈಯೆತ್ತಿದಳು. “ಹಜ್ರತ್, ನಮ್ಮ ಬಲ ಅಲ್ಲ ಅಂದ್ರೆ ಮತ್ತೆ ಯಾರ ಬಲ? ಅಮ್ಮೀದಾ?”

ತರಗತಿಯೆಲ್ಲ ನಕ್ಕಿತು. ಬಲವೆಲ್ಲ ಅಲ್ಲಾಹನದೇ ಮಗಳೇ ಎಂದು ಹೇಳಿ ನಾವು ಮುಂದಿನ ಮಗುವಿನ ಕಡೆಗೆ ತಿರುಗಿದೆವು. ಉತ್ತರದಲ್ಲಿ ತಪ್ಪಿರಲಿಲ್ಲ, ಆದರೆ ಅದು ಅರ್ಧ ಉತ್ತರವಾಗಿತ್ತು. ಅಲ್ಲಾಹನು ಮಳೆಯನ್ನು ಮೋಡದ ಮೂಲಕ ಕೊಡುತ್ತಾನೆ, ಅನ್ನವನ್ನು ನೆಲದ ಮೂಲಕ ಕೊಡುತ್ತಾನೆ ಎಂದು ಇದೇ ಮಕ್ಕಳಿಗೆ ಬೋಧಿಸುವ ನಾವು, ಉಡುಪನ್ನು ಯಾರ ಕೈಗಳ ಮೂಲಕ ಕೊಡುತ್ತಾನೆ ಎಂಬುದನ್ನು ಹೇಳದೆ ಬಿಟ್ಟೆವು. ಆ ಹುಡುಗಿಯ ತಾಯಿ ಗಾರ್ಮೆಂಟ್ಸಿಗೆ ಹೋಗುವವರು ಎಂಬುದು ನಮಗೆ ಗೊತ್ತಿದ್ದ ಸಂಗತಿಯೇ ಆಗಿತ್ತು.

ಮರುದಿನ ನಮ್ಮ ಮನೆಯವರು ಆ ತಾಯಿಯನ್ನು ಕಂಡು ಮಾತನಾಡಿಸಿ ಬಂದರು. ಬೆಳಗ್ಗೆ ಏಳಕ್ಕೆ ಕಾರ್ಖಾನೆಯ ವ್ಯಾನು ಬೀದಿಯ ತುದಿಗೆ ಬರುತ್ತದೆ. ಸಹರಿಗೆ ಎದ್ದವರು ಮತ್ತೆ ಮಲಗುವಂತಿಲ್ಲ. ಅಡುಗೆ, ಮಕ್ಕಳ ಸ್ನಾನ, ಆಮೇಲೆ ವ್ಯಾನು. ಒಂದು ಅಂಗಿಯನ್ನು ಅಲ್ಲಿ ಯಾರೂ ಪೂರ್ತಿಯಾಗಿ ಹೊಲಿಯುವುದಿಲ್ಲ. ಒಬ್ಬರು ಕಾಲರು, ಒಬ್ಬರು ಕಫ್, ಒಬ್ಬರು ಜೇಬು, ಒಬ್ಬರು ಕಾಜಾ, ಮತ್ತೊಬ್ಬರು ಕೊನೆಯಲ್ಲಿ ಉಳಿದ ದಾರದ ತುಂಡುಗಳನ್ನು ಕತ್ತರಿಸುವವರು. ಹೀಗೆ ಬಟ್ಟೆಯು ಲೈನಿನುದ್ದಕ್ಕೂ ಕೈಯಿಂದ ಕೈಗೆ ಸಾಗುತ್ತದೆ. ಈ ತಾಯಿ ಮೂರು ವರ್ಷಗಳಿಂದ ತೋಳು ಕೂಡಿಸುತ್ತಿದ್ದಾರೆ. ಗಂಟೆಗೆ ಇಷ್ಟು ಎಂದು ಟಾರ್ಗೆಟ್ ಇರುತ್ತದೆ, ಅದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಹಿಂದೆ ಬಿದ್ದರೆ ಸೂಪರ್‌ವೈಸರನ ಬಾಯಿಗೆ ಬೀಳಬೇಕು. ಪದೇ ಪದೇ ಶೌಚಾಲಯಕ್ಕೆ ಏಳಬೇಕಾದೀತೆಂದು ರಮಝಾನಿಲ್ಲದ ದಿನಗಳಲ್ಲೂ ಅಲ್ಲಿನ ಅನೇಕ ಮಹಿಳೆಯರು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರಂತೆ. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಊಟ, ಉಳಿದುದರಲ್ಲಿ ವುಝೂ ಮಾಡಿ ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಝುಹರ್ ನಮಾಝ್. ಕೆಲಸದ ಒತ್ತಡವಿದ್ದ ದಿನ ಅದೂ ತಪ್ಪಿ, ರಾತ್ರಿ ಮನೆಯಲ್ಲಿ ಕಝಾ ಮಾಡುತ್ತಾರೆ. “ಹಜ್ರತ್ ಬೈತಾರಾ ಇದಕ್ಕೆ?” ಎಂದು ಅವರು ನಮ್ಮ ಮನೆಯವರನ್ನು ಕೇಳಿದರಂತೆ.

ಜುಮಾದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವ ನಾವು ಯಾರ ಕಝಾ ನಮಾಝನ್ನು ಮೈಮೇಲೆ ಹೊದ್ದು ಕುಳಿತಿದ್ದೇವೆಯೋ!

ಇಂಥ ಮಹಿಳೆಯರ ಮಾತು ನಾಡಿಗೆ ಕೇಳಿಸಿದ್ದು ಅಪರೂಪ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಲಿಗೆ ಯಂತ್ರ ಬಿಟ್ಟು ರಸ್ತೆಗಿಳಿದರು. ಪಿ.ಎಫ್. ಖಾತೆಯಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮಗಳ ಮದುವೆಗೋ ಮನೆಯ ಸಾಲಕ್ಕೋ ಒದಗುತ್ತಿದ್ದುದು ಆ ಗಂಟೊಂದೇ. ಎರಡನೆಯ ದಿನವೇ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು. ಆ ಎರಡು ದಿನ ಪತ್ರಿಕೆಗಳಲ್ಲಿ ನಾವು ಓದಿದ್ದು ಹೆಚ್ಚಾಗಿ ಸಂಚಾರ ದಟ್ಟಣೆಯ ಸುದ್ದಿಯನ್ನು. ನಮ್ಮ ಅಂಗಿ ಹೊಲಿದವರು ಇವರೇ ಇರಬಹುದು ಎಂಬ ಯೋಚನೆ ಅಂದು ನಮಗೆ ಬಂದ ನೆನಪಿಲ್ಲ.

ಅಂಗಿಯ ಕಥೆ ಹೊಲಿಗೆಯಿಂದ ಆರಂಭವಾಗುವುದೂ ಇಲ್ಲ. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ ಬೆಳೆಯುತ್ತಾರೆ. ಅರಳಿದ ಕಾಯಿಯಿಂದ ಹತ್ತಿ ಬಿಡಿಸುವ ಕೆಲಸ ಬಹುತೇಕ ಹೆಂಗಸರದು. ಒಣಗಿದ ಕಾಯಿಯ ಅಂಚು ಮುಳ್ಳಿನಂತೆ ಚೂಪಾಗಿದ್ದು ಉಗುರಿನ ಬುಡವನ್ನೇ ಗೀರುತ್ತದೆ. ಬಿಳಿಯ ಹತ್ತಿಗೆ ರಕ್ತದ ಕಲೆ ತಾಗದಂತೆ ಬೆರಳಿಗೆ ಚಿಂದಿ ಸುತ್ತಿಕೊಂಡವರನ್ನು ನಾವು ಕಂಡಿದ್ದೇವೆ. ಇತ್ತ ಚಾಮರಾಜನಗರದಿಂದ ದಿಂಬಂ ಘಾಟ್ ಇಳಿದರೆ ಸತ್ಯಮಂಗಲ, ಅದರಾಚೆ ಕೊಯಮತ್ತೂರು, ತಿರುಪ್ಪೂರುಗಳ ನೂಲಿನ ಗಿರಣಿಗಳು ಮತ್ತು ಬನಿಯನ್ ಕಾರ್ಖಾನೆಗಳು. ತಮಿಳುನಾಡಿನ ಹಲವು ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಮಂಗಳಕರ ಹೆಸರಿನ ಪದ್ಧತಿಯೊಂದು ನಡೆದುಬಂದಿತ್ತು. ಬಡವರ ಮನೆಯ ಹದಿಹರೆಯದ ಹೆಣ್ಣುಮಕ್ಕಳನ್ನು ಮೂರು ವರ್ಷ ಹಾಸ್ಟೆಲಿನಲ್ಲಿರಿಸಿಕೊಂಡು ದುಡಿಸಿ, ಕೊನೆಯಲ್ಲಿ ಮದುವೆಗೆಂದು ಒಂದು ಮೊತ್ತ ಕೊಡುವುದಾಗಿ ಹೇಳುತ್ತಿದ್ದರು. ನಡುವೆ ಕಾಯಿಲೆಬಿದ್ದು ಮರಳಿದವಳಿಗೆ ಆ ಮೊತ್ತ ಸಿಗದೆ ಹೋದ ಪ್ರಕರಣಗಳು ಎಷ್ಟೋ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಉಡುಪು ಹೊಲಿಯುವವರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು, ಆದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು.

ದೂರದ ಊರುಗಳ ಮಾತು ಹಾಗಿರಲಿ. ನಮ್ಮ ಮನೆಯದನ್ನೇ ಹೇಳಬೇಕು.

ನಮ್ಮ ತಾಯಿಯ ತಾಯಿ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯವರು. ರೇಷ್ಮೆ ನೂಲು ಬಿಚ್ಚಾಣಿಕೆ ಅಲ್ಲಿ ನಮ್ಮವರ ಕಸುಬು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ನೆಲೆ ಕಟ್ಟಿದರೆಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಆ ರೇಷ್ಮೆಯ ಎಳೆಯನ್ನು ಬಿಚ್ಚಿದ ಬೆರಳುಗಳ ವಿಷಯ ಬಂದಾಗ ಮೌನವಾಗುತ್ತೇವೆ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ರೈತ ಚಂದ್ರಿಕೆಗೆ ಬಿಡುತ್ತಾನೆ. ಅದು ಗೂಡು ಕಟ್ಟುತ್ತದೆ. ಆ ಗೂಡನ್ನು ಕುದಿಯುವ ನೀರಿಗೆ ಹಾಕಿ ಮೆತ್ತಗಾಗಿಸಿ ಎಳೆಯ ತುದಿ ಹುಡುಕುವುದು ಬಿಚ್ಚಾಣಿಕೆಯವರ ಕೆಲಸ. ಒಂದು ಗೂಡಿನಲ್ಲಿರುವುದು ಸಾವಿರ ಮೀಟರಿನ ಆಸುಪಾಸಿನ ಒಂದೇ ಎಳೆ. ಅದು ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳು. ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿದರೆ ಒಂದು ನೂಲಾಗುತ್ತದೆ. ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕು.

ನಾನಿಯ ಬೆರಳ ತುದಿಗಳು ಸದಾ ಬೆಂದು ಬಿಳಿಚಿ, ಸುಕ್ಕುಗಟ್ಟಿರುತ್ತಿದ್ದವು. ಒಲೆಯಿಂದ ಬಿಸಿ ಪಾತ್ರೆಯನ್ನು ಅವರು ಬರಿಗೈಯಿಂದಲೇ ಇಳಿಸುತ್ತಿದ್ದರು. ಇದನ್ನು ನಾವು ಬಾಲ್ಯದಲ್ಲಿ ದೊಡ್ಡ ಕರಾಮತ್ ಎಂದು ಭಾವಿಸಿದ್ದೆವು. ಬೆರಳಿಗೆ ಬಿಸಿಯ ಅರಿವೇ ಹೋಗಿತ್ತು ಎಂಬುದು ತಿಳಿದದ್ದು ಅವರು ತೀರಿಹೋದ ಮೇಲೆ. ಸತ್ತ ಹುಳುವಿನ ವಾಸನೆ ಅವರ ದುಪಟ್ಟಾದಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವರು ಆ ಕೆಲಸಕ್ಕೆ ಹೋದಾಗ ವಯಸ್ಸು ಹತ್ತೋ ಹನ್ನೊಂದೋ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮಕ್ಕಳ ದುಡಿಮೆ ನಡೆಯುತ್ತಿದೆಯೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿದಾಗ ಇದು ನಮ್ಮವರ ಹೆಸರು ಕೆಡಿಸುವ ಸಂಚು ಎಂದವರು ನಮ್ಮಲ್ಲಿದ್ದರು. ನಾನಿಯ ಬೆರಳು ನೋಡಿದ್ದ ನಮಗೆ ಹಾಗೆನ್ನಲು ಬಾಯಿ ಬರಲಿಲ್ಲ.

ಆ ರೇಷ್ಮೆಯನ್ನು ನಮ್ಮ ಮನೆಯಲ್ಲಿ ಯಾರೂ ಉಡಲಿಲ್ಲ. ಗಂಡಸರಿಗೆ ಶರೀಅತ್ತಿನ ತಡೆ. ಹೆಂಗಸರಿಗೆ ತಡೆಯಿಲ್ಲದಿದ್ದರೂ ಅದರ ಬೆಲೆ ಕೈಗೆಟುಕಲಿಲ್ಲ. ಕೊಳ್ಳೇಗಾಲದ ಮಗ್ಗಗಳಲ್ಲಿ ಸೀರೆಯಾಗಿ ಯಾರದೋ ಮದುವೆಗೆ ಹೋಗುತ್ತಿದ್ದ ಆ ನೂಲಿನ ಅಂದವನ್ನು ನಾನಿ ಒಮ್ಮೆಯೂ ಹೊಗಳಿದ್ದನ್ನು ನಾವು ಕೇಳಿಲ್ಲ. ತೂಕದ ಮಾತು ಮಾತ್ರ ಆಡುತ್ತಿದ್ದರು.

ಬಿ.ಎ. ತರಗತಿಯಲ್ಲಿ ನಾವು ಜೇಡರ ದಾಸಿಮಯ್ಯನವರನ್ನು ಓದಿದೆವು. ಅವರು ನೇಯ್ಗೆಯವರು, ಅವರ ಅಂಕಿತ ರಾಮನಾಥ ಎಂದು ಬರೆದು ಅಂಕ ಪಡೆದೆವು. ಕಬೀರರೂ ನೇಕಾರರೇ. ಮಗ್ಗದ ಗುಂಡಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕುಳಿತವರ ಸೊಂಟ ಏನಾಗುತ್ತಿತ್ತು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ನಮ್ಮ ಧರ್ಮಗ್ರಂಥಗಳಲ್ಲಾದರೋ ಈ ದುಡಿಮೆ ಮರೆಯಾಗಿಲ್ಲ. ಪ್ರವಾದಿ ದಾವೂದ್(ಅ) ಅರಸರಾಗಿದ್ದೂ ಕವಚಗಳನ್ನು ಹೆಣೆದರು. ಕೊಂಡಿಗಳ ಅಳತೆ ತಪ್ಪಬಾರದೆಂಬ ಆದೇಶವನ್ನೂ ಕುರ್‌ಆನ್ ಅವರ ಪ್ರಸ್ತಾಪದೊಂದಿಗೇ ನೆನಪಿಸುತ್ತದೆ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ನಾವು ಅನುಸರಿಸುವ ಇಮಾಮ್ ಅಬೂ ಹನೀಫಾ(ರಹಿ) ಕೂಫಾ ಪಟ್ಟಣದ ಬಟ್ಟೆ ವ್ಯಾಪಾರಿಯಾಗಿದ್ದರು. ಅವರ ಚರಿತ್ರೆ ಬರೆದವರು ಒಂದು ಘಟನೆ ಹೇಳುತ್ತಾರೆ. ಒಬ್ಬ ಸ್ತ್ರೀ ರೇಷ್ಮೆ ಬಟ್ಟೆಯೊಂದನ್ನು ಮಾರಲು ತಂದು 100 ದಿರ್ಹಮ್ ಕೇಳಿದಳು. ಇದರ ಬೆಲೆ ಅದಕ್ಕಿಂತ ಹೆಚ್ಚು ಎಂದರು ಇಮಾಮರು. ಆಕೆ ನೂರು ನೂರಾಗಿ ಏರಿಸಿ 400ಕ್ಕೆ ಬಂದಳು; ಇನ್ನೂ ಹೆಚ್ಚು ಎಂದರು. ನನ್ನನ್ನು ಗೇಲಿ ಮಾಡುತ್ತಿದ್ದೀರಾ ಎಂದು ಆಕೆ ಕೇಳಿದಾಗ ಬೆಲೆ ಬಲ್ಲವನೊಬ್ಬನನ್ನು ಕರೆಸಿ, ಕೊನೆಗೆ 500ಕ್ಕೆ ಕೊಂಡರು. ಈ ಘಟನೆಯನ್ನು ನಾವು ಅನೇಕ ಬಾರಿ ಬಯಾನಿನಲ್ಲಿ ಹೇಳಿದ್ದೇವೆ, ಕೇಳುಗರು ಸುಬ್ಹಾನಲ್ಲಾಹ್ ಎಂದಿದ್ದಾರೆ.

ಹಾಗೆ ಹೇಳುತ್ತಲೇ ನಾವು ಮಾಡಿದ್ದೇನೆಂಬುದನ್ನು ಈಗ ಬರೆಯಬೇಕಾಗಿದೆ.

ಅದಕ್ಕೂ ಹಿಂದಿನ ವರ್ಷ ಮದ್ರಸದ ಮಕ್ಕಳಿಗೆ ಒಂದೇ ಬಗೆಯ ಕುರ್ತಾ ಪೈಜಾಮ ಹೊಲಿಸಬೇಕೆಂದು ತೀರ್ಮಾನವಾಯಿತು. ಒಟ್ಟು 46 ಜತೆ. ಹಿಂದಿನ ಬೀದಿಯ ಒಬ್ಬ ಖಾಲಾ, ಗಂಡನನ್ನು ಕಳೆದುಕೊಂಡವರು, ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಹೊಲಿದು ಬದುಕುವವರು. ಅವರು ಜತೆಗೆ 260 ರೂಪಾಯಿ ಕೇಳಿದರು. ಮಾತಾಡಲು ಹೋದವರು ನಾವೇ. “ಮದ್ರಸದ ಕೆಲಸ ಖಾಲಾ, ಸವಾಬ್ ಸಿಗುತ್ತೆ” ಎಂದು ಹೇಳಿ 220ಕ್ಕೆ ಇಳಿಸಿದೆವು. ಸವಾಬನ್ನು ಚೌಕಾಸಿಯ ತೂಕದ ಕಲ್ಲಾಗಿ ಇಟ್ಟೆವು ಎಂಬುದು ಅಂದು ಹೊಳೆಯಲಿಲ್ಲ. ಮದ್ರಸದ ಹಣ ಉಳಿಸಿದೆವೆಂದು ಸಂತೋಷವೇ ಆಗಿತ್ತು.

ಬಟ್ಟೆ ಹೇಳಿದ ದಿನಕ್ಕೆ ಸಿದ್ಧವಾಯಿತು. ಹಣ ಮಾತ್ರ ಆಗಲಿಲ್ಲ. ಚಂದಾ ಬರಲಿ, ಲೆಕ್ಕ ಆಗಲಿ ಎನ್ನುತ್ತ ಬಕ್ರೀದ್ ಕಳೆಯಿತು. ಈ ನಡುವೆ ಒಂದು ಶುಕ್ರವಾರ ನಾವು ಕೂಲಿಯ ಕುರಿತು ಬಯಾನ್ ಮಾಡಿದೆವು. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ವಿವರಿಸಿದೆವು. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಅಂತಿಮ ದಿನದಂದು ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುವನೆಂಬುದನ್ನೂ ಗದ್ಗದ ಕಂಠದಿಂದ ಹೇಳಿದೆವು. ಧ್ವನಿವರ್ಧಕದ ಸದ್ದು ಹಿಂದಿನ ಬೀದಿಗೂ ಕೇಳಿಸುತ್ತದೆ. ಖಾಲಾ ಯಂತ್ರದ ಮುಂದೆ ಕುಳಿತು ಅದನ್ನು ಪೂರ್ತಿಯಾಗಿ ಕೇಳಿದರಂತೆ. ಯಾರ ಬಳಿಯೂ ಏನೂ ಹೇಳಲಿಲ್ಲ. ಹಣ ತಲುಪಿದ್ದು ಅದಾದ ಆರು ವಾರಗಳ ಮೇಲೆ.

ಗಾರ್ಮೆಂಟ್ಸ್ ತಾಯಿಯ ಮಾತು ಕೇಳಿ ಬಂದ ದಿನ ನಮ್ಮ ಮನೆಯವರು ಇದನ್ನೂ ಹೇಳಿದರು. ವರ್ಷವಿಡೀ ಅವರಿಗೆ ಗೊತ್ತಿತ್ತು. ನಮಗೆ ಮುಜುಗರವಾದೀತೆಂದು ಹೇಳಿರಲಿಲ್ಲ. ಕಾರ್ಖಾನೆಯ ಸೂಪರ್‌ವೈಸರನ ಮೇಲೆ ಅದೇ ತಾನೇ ಸಿಟ್ಟುಗೊಂಡಿದ್ದ ನಾವು ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತೆವು.

ಶವ್ವಾಲಿನಲ್ಲಿ ಮದ್ರಸ ಮತ್ತೆ ತೆರೆಯುವ ಮುನ್ನ, ಮನೆಯವರನ್ನು ಕರೆದುಕೊಂಡು ಖಾಲಾರ ಮನೆಗೆ ಹೋದೆವು. ಬಾಗಿಲ ಬಳಿ ಕುರ್ಚಿ ಹಾಕಿಕೊಟ್ಟರು. ಹಿಂದಿನ ಲೆಕ್ಕದಲ್ಲಿ ಜತೆಗೆ 40 ರೂಪಾಯಿಯಂತೆ 1,840 ರೂಪಾಯಿ ಬಾಕಿಯಿದೆ, ಅದು ನಮ್ಮ ಕೈಯಿಂದ, ಮದ್ರಸದ್ದಲ್ಲ, ಎಂದೆವು.

“ಅದು ಮುಗಿದ ಮಾತು ಹಜ್ರತ್. ಸವಾಬಿಗೆ ಅಂತ ಬಿಟ್ಟೆ,” ಎಂದರು.

“ನೀವಾಗಿ ಬಿಡಲಿಲ್ಲ ಖಾಲಾ. ನಾವು ಬಿಡಿಸಿದೆವು.”

ಅವರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಯಂತ್ರದ ಡ್ರಾಯರಿನಿಂದ ಒಂದು ನೋಟುಪುಸ್ತಕ ತೆಗೆದು, ಓದಲು ಬಾರದುದರಿಂದ ಮೊಮ್ಮಗಳ ಕೈಗೆ ಕೊಟ್ಟರು. ಅದರಲ್ಲಿ ನಮ್ಮ ಹೆಸರಿನ ಮುಂದೆ ಇನ್ನೊಂದು ಸಾಲಿತ್ತು: ದಾರ ಮತ್ತು ಗುಂಡಿ, 310. ಬಟ್ಟೆಯ ಜತೆ ದಾರ ಗುಂಡಿಗಳನ್ನು ನಾವು ಕೊಟ್ಟಿರಲೇ ಇಲ್ಲ. ಅವೆಲ್ಲ ಎಲ್ಲಿಂದ ಬಂದವು ಎಂದು ಕೇಳಿಯೂ ಇರಲಿಲ್ಲ.

ಒಟ್ಟು 2,150 ರೂಪಾಯಿಯನ್ನು ಖಾಲಾ ಎರಡು ಸಲ ಎಣಿಸಿದರು. ಮೊಮ್ಮಗಳು ಎರಡೂ ಸಾಲುಗಳ ಮೇಲೆ ಗೀಟು ಎಳೆದಳು. ಹೊಸ ವರ್ಷಕ್ಕೆ 52 ಮಕ್ಕಳಿದ್ದಾರೆ, ಅಳತೆ ಬರೆದು ತಂದಿದ್ದೇವೆ ಎಂದು ನಾವು ಹಾಳೆ ಮುಂದೆ ಚಾಚಿದೆವು.

“ಈ ವರ್ಷ 300 ಹಜ್ರತ್,” ಎಂದರು ಖಾಲಾ, ತಲೆಯೆತ್ತಿ. “ದಾರ, ಗುಂಡಿ ನಿಮ್ಮದು.”

ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು, ದಾರದ ಬಣ್ಣದ ನಮೂನೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ನಾವು ಅಂಗಡಿಯ ಕಡೆಗೆ ಹೊರಟೆವು.